6 ಮಿಮೀ ಶಿವಮೊಗ್ಗ ಯುದ್ಧಕ್ಕೆ ರೆಡಿಮೇಡ್ ಮನೆ, ಕೋಟೆ, ಕಾಡು: ಯಾವುದನ್ನು ಕೊಳ್ಳಲಿ?

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. 1791ರ ಡಿಸೆಂಬರ್ 29ರಂದು ಶಿವಮೊಗ್ಗದ ಹತ್ತಿರ ನಡೆದ ಯುದ್ಧವನ್ನು ಪುಟ್ಟ ಗೊಂಬೆ ಸೈನಿಕರನ್ನಿಟ್ಟು ಟೇಬಲ್ ಮೇಲೆ ಆಡಬೇಕು ಅಂತ ಬಹಳ ದಿನದ ಆಸೆ. ಒಂದು ಕಡೆ ಟಿಪ್ಪುವಿನ ಸರದಾರ ರೆಜಾ ಸಾಹೇಬ್. ಇನ್ನೊಂದು ಕಡೆ ಪರಶುರಾಮ ಭಾವುವಿನ ಮರಾಠರು, ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಜಾನ್ ಲಿಟಲ್‌ನ ಬಾಂಬೆ ಸಿಪಾಯಿಗಳು. ನಮ್ಮ ಮಕ್ಕಳು ಪಾಣಿಪತ್ ಓದುತ್ತಾರೆ. ತಮ್ಮ ಜಿಲ್ಲೆಯಲ್ಲೇ ಇಷ್ಟು ದೊಡ್ಡ ಕಾಳಗ ನಡೆದಿದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಅವರಿಗೂ ತೋರಿಸಬೇಕು.

ಸೈನಿಕರು 6 ಮಿಮೀ ಎತ್ತರ. ಅವರನ್ನು ಗುಂಪಾಗಿ ಅಂಟಿಸಿದ ಬೇಸ್ 60 × 30 ಮಿಮೀ. ಎರಡೂ ಸೈನ್ಯಕ್ಕೆ ಬಣ್ಣ ಹಚ್ಚಿ ಮುಗಿದಿದೆ. ಟೇಬಲ್ 4 ಅಡಿ × 3 ಅಡಿ. ಈಗ ನೆಲ, ಮನೆ, ಕೋಟೆ, ಕಾಡು ಬೇಕು. ಎಲ್ಲವನ್ನೂ ಕೈಯಲ್ಲೇ ಮಾಡಲು ಪುರುಸೊತ್ತಿಲ್ಲ, ಅದಕ್ಕೇ ರೆಡಿಮೇಡ್ ಕೊಳ್ಳೋಣ ಅಂತ.

ನೋಡಿದ್ದರಲ್ಲಿ ಮೂರು ಥರ ಇಷ್ಟವಾಯಿತು. ಒಂದು, ‘ಇಂಡಿಯಾ’ ಅಂತಲೇ ಮಾರುವ ಚಪ್ಪಟೆ ಮಾಡಿನ ಮನೆಗಳು, ರೆಸಿನ್‌ನವು (ಅಚ್ಚಿಗೆ ಎರೆದ ಗಟ್ಟಿ ಪ್ಲಾಸ್ಟಿಕ್). ಎರಡು, ಜಪಾನಿನ ಎನ್ ಗೇಜ್ ಅನ್ನುವ ಪುಟ್ಟ ಮಾದರಿ ರೈಲಿನವರ ಹುಲ್ಲು ಮಾಡಿನ ಮನೆಗಳು. ಬಣ್ಣ ಹಚ್ಚಿಯೇ ಬರುತ್ತವೆ, ನೋಡಲು ತುಂಬಾ ಚೆಂದ. ಮೂರು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೋಟೆ. ಇದು ಅಗ್ಗ.

ನಮ್ಮದು ಹಳೇ ಹೆಂಚಿನ ಮನೆ. ಆಟ ಮುಗಿದ ಮೇಲೆ ಎಲ್ಲವೂ ಅಟ್ಟಕ್ಕೆ ಹೋಗಬೇಕು. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಯಾವುದಕ್ಕೆ ದುಡ್ಡು ಹಾಕಲಿ, ಹೇಳಿ.

ತುಂಗಾ ದಂಡೆ (ಶಿವಮೊಗ್ಗ)

ಮೇಷ್ಟ್ರೇ, ಈ ಯುದ್ಧವನ್ನು ಆರಿಸಿಕೊಂಡಿದ್ದು ಕೇಳಿ ಮನಸ್ಸು ತುಂಬಿತು. ಕೊಳ್ಳುವ ಮೊದಲು ಒಂದು ಸ್ಕೇಲು, ಒಂದು ಪೆನ್ಸಿಲ್ ತೆಗೆದುಕೊಂಡು ಕೂರಿ. ಚೆಂದದ ಫೋಟೋ ಪಕ್ಕಕ್ಕಿಡಿ. ಮನೆ ನೆಲದ ಮೇಲೆ ಎಷ್ಟು ಜಾಗ ತಿನ್ನುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಡಬ್ಬಿಯ ಮೇಲೆ ಬರೆದ ಅಳತೆಯ ಪ್ರಮಾಣ (ಸ್ಕೇಲ್) ಆಮೇಲೆ.

ಲೆಕ್ಕ ಹೀಗೆ. ನಿಮ್ಮ ಟೇಬಲ್ ಉದ್ದ ಸುಮಾರು 120 ಸೆಂಮೀ. ಅದರಲ್ಲಿ 3 ಕಿಮೀ ರಣರಂಗ ಕೂರಿಸಿದರೆ 1 ಸೆಂಮೀ ಅಂದರೆ 25 ಮೀಟರ್. 6 ಮಿಮೀ ಸೈನಿಕರಿಗೆ ಹೊಂದುವ ಕಟ್ಟಡ ಸುಮಾರು 1/300, ಅಂದರೆ ನಿಜದ ಅಳತೆಯ ಮುನ್ನೂರರಲ್ಲಿ ಒಂದು ಪಾಲು. 12 ಮೀಟರ್ ಉದ್ದದ ಒಂದು ಮನೆ ಆ ಅಳತೆಯಲ್ಲಿ 4 ಸೆಂಮೀ ಆಗುತ್ತದೆ. ನಿಮ್ಮ ಟೇಬಲ್ ಮೇಲೆ ಆ 4 ಸೆಂಮೀ ಅಂದರೆ 100 ಮೀಟರ್! ಒಂದೇ ಮನೆ ಒಂದು ಇಡೀ ಕೇರಿಯ ಜಾಗ ನುಂಗಿತು. ಹತ್ತು ಮನೆ ಇಟ್ಟರೆ ಸಿಪಾಯಿಗಳು ನಿಲ್ಲಲು ಜಾಗ ಉಳಿಯುವುದಿಲ್ಲ.

ಆದ್ದರಿಂದ ಒಂದು ಮೆಟ್ಟಿಲು ಸಣ್ಣ ಮನೆ ಕೊಳ್ಳಿ. 3 ಮಿಮೀ ಆಟದವರಿಗೆ 1/600ರಲ್ಲಿ ಮಾಡಿದವು ಸಿಗುತ್ತವೆ. ಅದೇ ಮನೆ ಆಗ 2 ಸೆಂಮೀ. ಬಾಗಿಲು ಸೈನಿಕನಿಗಿಂತ ಗಿಡ್ಡ ಆಗುತ್ತದೆ, ನಿಜ. ಆದರೆ ನಾವು ಯಾವಾಗಲೂ ಮೇಲಿನಿಂದ ನೋಡುತ್ತೇವೆ ಅಲ್ವಾ? ಕಣ್ಣಿಗೆ ಬೀಳುವುದು ಮಾಡು. ಮಾಡಿನ ಆಕಾರ ಸರಿಯಿದ್ದರೆ ಊರು ಊರಿನ ಹಾಗೆಯೇ ಕಾಣುತ್ತದೆ. ಆಗಲೇ 1/300ರ ಮನೆ ಕೊಂಡಿದ್ದರೆ ಒಂದು ಊರಿಗೆ ಎರಡೋ ಮೂರೋ ಇಡಿ, ಸಾಕು.

ಮನೆಗಳನ್ನು ಬಿಡಿಬಿಡಿಯಾಗಿ ಇಡಬೇಡಿ. 10 ಸೆಂಮೀ ಚೌಕದ ಒಂದು ತಟ್ಟೆಯ ಮೇಲೆ ಅಂಚಿನ ಸುತ್ತ ಮನೆ ಕೂರಿಸಿ, ನಡುವೆ 60 × 60 ಮಿಮೀ ಖಾಲಿ ಬಿಡಿ. ನಿಮ್ಮ ಎರಡು ಬೇಸ್ ಸರಿಯಾಗಿ ಹಿಡಿಯುತ್ತದೆ. ಊರನ್ನು ಯಾರು ಹಿಡಿದಿದ್ದಾರೆ ಅನ್ನುವುದು ನೋಡಿದ ತಕ್ಷಣ ಗೊತ್ತಾಗುತ್ತದೆ, ವಾದಕ್ಕೆ ಜಾಗವೇ ಇಲ್ಲ.

ಇನ್ನು ಮಾಡಿನ ವಿಷಯ. ಇಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ, ಬೇಸರ ಮಾಡಿಕೊಳ್ಳಬೇಡಿ. ‘ಇಂಡಿಯಾ’ ಅಂತ ಲೇಬಲ್ ಇರುವ ಸೆಟ್‌ಗಳು ಹೆಚ್ಚಾಗಿ ಉತ್ತರದ ಬಯಲಿನ 1857ರ ಗಲಭೆಗೆ ಅಂತ ಮಾಡಿದವು. ಚಪ್ಪಟೆ ಮಾಡು, ಮಣ್ಣಿನ ಗೋಡೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಮಾಳಿಗೆ ಮನೆಗೆ ಅವು ಸರಿ. ಅಲ್ಲಿ ಹೈದರ್ ಕಾಲದ ಮುತ್ತಿಗೆ ಆಡುವವರು ಕಣ್ಣು ಮುಚ್ಚಿ ಕೊಳ್ಳಬಹುದು. ನಮ್ಮ ಮಳೆಗೆ ಚಪ್ಪಟೆ ಮಾಡು ಯಾರು ಕಟ್ಟುತ್ತಾರೆ? ಇಳಿಜಾರು ಮಾಡೇ ಬೇಕು.

ಹಾಗಂತ ಕೆಂಪು ಹೆಂಚಿನ ಮನೆಗೂ ಹೋಗಬೇಡಿ. ಈಗ ನಾವು ನೋಡುವ ಮಂಗಳೂರು ಹೆಂಚು ಆಗ ಇರಲಿಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಿಮ್ಮ ಯುದ್ಧ ಅದಕ್ಕಿಂತ 70 ವರ್ಷಕ್ಕೂ ಹಿಂದಿನದು. ಹುಲ್ಲಿನ ಮಾಡು, ಸೋಗೆ ಮಾಡು, ಉಳ್ಳವರ ಮನೆಗೆ ಕೈಯಲ್ಲಿ ಮಾಡಿದ ನಾಡಹೆಂಚು. ಇಷ್ಟೇ ಇರಲಿ.

ಹಾಗಾಗಿ ನನ್ನ ಆಯ್ಕೆ ಇಂಗ್ಲೆಂಡಿನ ಹಳ್ಳಿ ಮನೆಗಳು. ಆಶ್ಚರ್ಯ ಆಗಬಹುದು. ಆದರೆ ಹುಲ್ಲು ಮಾಡಿನ ಸಾದಾ ಮನೆಯ ಹೊಗೆಕೊಳವೆಯನ್ನು ಅರದಿಂದ ಉಜ್ಜಿ ತೆಗೆದರೆ ನಮ್ಮ ಒಕ್ಕಲಿನ ಮನೆ ಸಿದ್ಧ. ಗೋಡೆಯಲ್ಲಿ ಮರದ ಪಟ್ಟಿ ಎದ್ದು ಕಾಣುವವು ಮಾತ್ರ ಬೇಡ. ಬ್ರಿಟನ್ನಿನ ಟೈಮ್‌ಕಾಸ್ಟ್, ಲೆವೆನ್ ಮಿನಿಯೇಚರ್ಸ್, ಟೋಟಲ್ ಬ್ಯಾಟಲ್ ಮಿನಿಯೇಚರ್ಸ್ ಇವರೆಲ್ಲ 6 ಮಿಮೀ ರೆಸಿನ್ ಕಟ್ಟಡ ಮಾಡುತ್ತಾರೆ. ಇನ್ನೂ ಸಣ್ಣದು ಬೇಕಾದರೆ ಬ್ರಿಗೇಡ್ ಮಾಡೆಲ್ಸ್ ನೋಡಿ. ಕೊಟ್ಟಿಗೆ, ಕಣಜದಂಥ ಸಣ್ಣ ಕಟ್ಟಡ ಸಿಕ್ಕರೆ ಬಿಡಬೇಡಿ. ಮೂರು ಕಟ್ಟಡವನ್ನು ಕೂಡಿಸಿ ನಡುವೆ ಅಂಗಳ ಬಿಟ್ಟರೆ ಗೌಡರ ಮನೆ ಆಗುತ್ತದೆ.

ಬಣ್ಣದ ಮಾತು ಒಂದು. ಹೊಸ ಹುಲ್ಲು ಹೊಂಬಣ್ಣ, ಎರಡು ಮಳೆಗಾಲ ನೆನೆದದ್ದು ಬೂದು ಕಪ್ಪು. ಕಂದುಗಪ್ಪು ಬಣ್ಣವನ್ನು ನೀರಾಗಿ ಕಲಸಿ ಮಾಡಿನ ಮೇಲೆ ಹರಿಸಿ. ಗೋಡೆಗೆ ಕೆಮ್ಮಣ್ಣು. ಗದ್ದೆಗೆ ಹಸಿರು ಹಾಕಲೇಬೇಡಿ. ಡಿಸೆಂಬರ್ ಕೊನೆ ಅಂದರೆ ಕೊಯ್ಲಾದ ಗದ್ದೆ. ಒಣ ಕೂಳೆ, ಅಲ್ಲಲ್ಲಿ ಹುಲ್ಲಿನ ಬಣವೆ. ಟೇಬಲ್ ಮೇಲೆ ಹಾಸುವ ರೆಡಿಮೇಡ್ ಮ್ಯಾಟ್ ಕೊಳ್ಳುವಾಗ ‘ಸ್ಪ್ರಿಂಗ್’, ‘ಸಮ್ಮರ್’ ಅನ್ನುವ ಹಸಿರು ಬಿಟ್ಟು ಒಣ ಹುಲ್ಲಿನ ಬಣ್ಣದ್ದನ್ನೇ ಕೇಳಿ.

ಸೊರಬ ಸಂತೆ

ಮೇಲಿನವರ ಲೆಕ್ಕ ಒಪ್ಪುತ್ತೇನೆ. ಆದರೆ ಸಣ್ಣ ಮನೆಯ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಮೇಷ್ಟ್ರು ಮಕ್ಕಳಿಗೆ ತೋರಿಸುವವರು. ಮಕ್ಕಳು ಮೇಲಿನಿಂದ ನೋಡುವುದಿಲ್ಲ, ಟೇಬಲ್ ಅಂಚಿಗೆ ಗಲ್ಲ ಇಟ್ಟು ನೋಡುತ್ತಾರೆ. ಸಿಪಾಯಿಯ ಸೊಂಟದ ಮಟ್ಟಕ್ಕೆ ಬಾಗಿಲು ಬಂದರೆ ಅವರಿಗೆ ಅದು ಕೋಳಿಗೂಡು. ನಾನಾದರೆ 1/300 ತೆಗೆದುಕೊಂಡು ಊರನ್ನು ಒಂದಕ್ಕೇ ಇಳಿಸುತ್ತೇನೆ. ಮೂರು ಮನೆ, ಒಂದು ಸಣ್ಣ ಗುಡಿ, ಮುಗಿಯಿತು. ಗುಡಿಗೂ ಗೋಪುರ ಬೇಡ. ನಮ್ಮ ಹಳ್ಳಿ ಗುಡಿಗಳು ಇಳಿಜಾರು ಮಾಡಿನವೇ.

ಕಾಡಿಗೆ ಹಣ ಸುರಿಯಬೇಡಿ. ರೈಲು ಮಾಡೆಲ್‌ನವರ ಒಂದೊಂದು ಮರವೂ ದುಬಾರಿ. ದೂರದಿಂದ ನೋಡಿದರೆ ನಮ್ಮ ಕಾಡಿನಲ್ಲಿ ಬುಡ ಕಾಣುವುದೇ ಇಲ್ಲ, ಬರೀ ತಲೆ. ಒರಟು ಸ್ಪಾಂಜಿನ ತುಂಡುಗಳು ಪ್ಯಾಕೆಟ್‌ನಲ್ಲಿ ಸಿಗುತ್ತವೆ. ಕಡುಹಸಿರು, ಕಂದುಹಸಿರು ಎರಡನ್ನೂ ಬೆರೆಸಿ ತಟ್ಟೆಗೆ ಒತ್ತಾಗಿ ಅಂಟಿಸಿ. ತಟ್ಟೆಯ ನಡುಭಾಗ ಎತ್ತಿ ತೆಗೆಯುವ ಹಾಗಿರಲಿ, ಪಡೆ ಒಳಗೆ ಹೋದಾಗ ಜಾಗ ಬೇಕಲ್ಲ. ಈ ಯುದ್ಧದಲ್ಲಿ ಮೈಸೂರಿನವರ ಒಂದು ಪಕ್ಕಕ್ಕೆ ತುಂಗೆ, ಇನ್ನೊಂದು ಪಕ್ಕಕ್ಕೆ ದಟ್ಟ ಕಾಡು. ಕಾಡೇ ಅರ್ಧ ಕಥೆ. ಅದನ್ನು ನಾಲ್ಕು ಮರದಲ್ಲಿ ಮುಗಿಸಬೇಡಿ.

ಕೊಪ್ಪದ ಅಕ್ಕ

ನಾನು ಆಡುವುದು 10 ಮಿಮೀ. ಜಪಾನಿನ ಮನೆಗಳು ನನ್ನ ಹತ್ತಿರ ಇವೆ, ಅದಕ್ಕೇ ಬರೆಯುತ್ತಿದ್ದೇನೆ. ಅವು 1/150. ನನ್ನ ಸೈನಿಕರಿಗೆ ಸರಿಯಾಗಿ ಹೊಂದುತ್ತವೆ. ನಿಮ್ಮ 6 ಮಿಮೀಗೆ ಎರಡು ಪಟ್ಟು ದೊಡ್ಡದಾಗುತ್ತವೆ. ಎಷ್ಟೇ ಚೆಂದ ಇದ್ದರೂ ಬೇಡ.

ಮಳೆಯ ಬಗ್ಗೆ ಯಾರೂ ಹೇಳಲಿಲ್ಲ. ಮಲೆನಾಡಿನಲ್ಲಿ ಮೊದಲು ಕೇಳಬೇಕಾದದ್ದೇ ಅದು ಮಾರಾಯರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಕಾರ್ಡಿನ ಮನೆ ಆ ನಾಲ್ಕು ತಿಂಗಳಲ್ಲಿ ಬಾಗಿ ಬಿಚ್ಚಿಕೊಳ್ಳುತ್ತದೆ. ಎಂಡಿಎಫ್ ಅಂಚಿನಿಂದ ತೇವ ಕುಡಿದು ಉಬ್ಬುತ್ತದೆ. ಆಮೇಲೆ ಗೆದ್ದಲು. ಅಟ್ಟದ ಮರ ತಿನ್ನುವ ಗೆದ್ದಲಿಗೆ ಎಂಡಿಎಫ್ ಯಾವ ಲೆಕ್ಕ?

ರೆಸಿನ್‌ಗೆ ಈ ತೊಂದರೆ ಯಾವುದೂ ಇಲ್ಲ. ಸಣ್ಣ ಸ್ಕೇಲಿನಲ್ಲಿ ಮನೆ ಒಂದೇ ಗಟ್ಟಿ ತುಂಡು. ಮುರಿಯಲು ಏನೂ ಇಲ್ಲ, ನೀರು ಹೋಗಲು ಸಂದಿಯೂ ಇಲ್ಲ. ಬಂದ ಕೂಡಲೇ ಸೋಪು ನೀರಿನಲ್ಲಿ ಹಳೇ ಟೂತ್‌ಬ್ರಷ್ ಹಾಕಿ ತಿಕ್ಕಿ ತೊಳೆಯಿರಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ನಿಲ್ಲುವುದಿಲ್ಲ. ತೆಳು ಗೋಡೆ ಬಾಗಿದ್ದರೆ ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೇರ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ. ಹೊಗೆಕೊಳವೆ ಉಜ್ಜುವಾಗ ನೀರು ಹಚ್ಚಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ. ಆ ಪುಡಿ ಎದೆಗೆ ಒಳ್ಳೆಯದಲ್ಲ. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ವಾರ್ನಿಷ್ ಸ್ಪ್ರೇ ಮಳೆಗಾಲದಲ್ಲಿ ಹೊಡೆಯಬೇಡಿ. ಗಾಳಿಯ ತೇವಕ್ಕೆ ಬೆಳ್ಳಗೆ ಮಂಜು ಕಟ್ಟಿದ ಹಾಗಾಗುತ್ತದೆ. ಸಂಕ್ರಾಂತಿಯ ಹೊತ್ತಿನ ಬಿಸಿಲಿನಲ್ಲಿ ಹೊಡೆಯಿರಿ. ಅಷ್ಟು ಕಾಯಲಾಗದಿದ್ದರೆ ಬ್ರಷ್‌ನಲ್ಲಿ ಹಚ್ಚುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ತೆಗೆದುಕೊಳ್ಳಿ. ಅಟ್ಟದಲ್ಲಿ ಇಡುವುದಾದರೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಹಳೇ ಪೇಪರ್ ಸುತ್ತಬೇಡಿ, ಅದೇ ತೇವ ಹಿಡಿದಿಡುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ, ನೀವು ಹೇಳಿದ್ದು ಕೇಳಿ ಎಂಡಿಎಫ್ ಕೋಟೆಯ ಆಸೆ ಬಿಟ್ಟೆ. ಹಾಗಾದರೆ ಕೋಟೆಗೆ ಏನು ಮಾಡಲಿ? ವಿದೇಶದ ಪಾರ್ಸೆಲ್‌ಗೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎಲ್ಲ ಸೇರಿ ಕೈ ಮೀರುತ್ತದೆ. ತ್ರೀಡಿ ಪ್ರಿಂಟ್ ಆಗಬಹುದಾ? ತುಂಗೆಗೆ ರೆಡಿಮೇಡ್ ನದಿ ತುಂಡುಗಳನ್ನೂ ನೋಡಿದೆ, ಅಗಲ 3 ಸೆಂಮೀ.

ತುಂಗಾ ದಂಡೆ (ಶಿವಮೊಗ್ಗ)

3 ಸೆಂಮೀ ಅಂದರೆ ನಿಮ್ಮ ಟೇಬಲ್ ಮೇಲೆ 75 ಮೀಟರ್. ಅದು ತುಂಗೆ ಅಲ್ಲ, ಹಳ್ಳ. ಕನಿಷ್ಠ ಐದಾರು ಸೆಂಮೀ ಬೇಕು. ಬಾಗಿದ ತುಂಡು, ನೇರ ತುಂಡು ಅಂತ ಪೂರ್ತಿ ಸೆಟ್ ಕೊಳ್ಳುವ ಅಗತ್ಯವೇ ಇಲ್ಲ. ನದಿ ನಿಮ್ಮ ಟೇಬಲ್‌ನ ಒಂದು ಅಂಚಿನಲ್ಲೇ ಬರುತ್ತದೆ. ಒಂದು ದಡ ಸಾಕು. ನೆಲಕ್ಕೆ ಹಾಸುವ ವಿನೈಲ್ ಶೀಟಿನ ಹಿಂಬದಿಗೆ ಹಸಿರುಗಂದು ಬಣ್ಣ ಹಚ್ಚಿ, ಮೇಲೆ ಹೊಳೆಯುವ ವಾರ್ನಿಷ್. ಬೇಸಿಗೆ ಹತ್ತಿರವಾದಂತೆ ತುಂಗೆಯಲ್ಲಿ ಬಂಡೆ ಮೇಲೇಳುತ್ತವೆ. ಸಣ್ಣ ಜಲ್ಲಿ ನಾಲ್ಕು ಕಡೆ ಅಂಟಿಸಿದರೆ ಊರವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಕೋಟೆಯ ವಿಷಯ. ಕಾಳಗ ನಡೆದದ್ದು ಕೋಟೆಯ ಹೊರಗೆ. ಕೋಟೆ ಶರಣಾದದ್ದು ಕೆಲವು ದಿನ ಕಳೆದು, 1792ರ ಜನವರಿ ಆರಂಭದಲ್ಲಿ. ನಿಮಗೆ ಪೂರ್ತಿ ಕೋಟೆ ಬೇಡ. ಟೇಬಲ್ ಮೂಲೆಯಲ್ಲಿ ಎರಡು ಗೋಡೆ, ಒಂದು ಬುರುಜು ಸಾಕು. ಯುರೋಪಿನ ಚೌಕ ಗೋಪುರದ ಕೋಟೆ ತರಬೇಡಿ, ನಕ್ಷತ್ರದಾಕಾರದ್ದಂತೂ ಬೇಡವೇ ಬೇಡ. ನಮ್ಮದು ಗುಂಡು ಬುರುಜು. ಒಂದು ಭಾನುವಾರ ಮಕ್ಕಳನ್ನು ಕವಲೇದುರ್ಗಕ್ಕೋ ನಗರದ ಕೋಟೆಗೋ ಕರೆದುಕೊಂಡು ಹೋಗಿ, ಬುರುಜು ಗೋಡೆಗೆ ಹೇಗೆ ಸೇರುತ್ತದೆ ಅಂತ ಫೋಟೋ ತೆಗೆಸಿ. ಆಮೇಲೆ ತ್ರೀಡಿ ಪ್ರಿಂಟಿಗೆ ಫೈಲ್ ಹುಡುಕುವುದು ಸುಲಭ.

ತ್ರೀಡಿ ಪ್ರಿಂಟ್ ಖಂಡಿತ ಆಗುತ್ತದೆ. ಫೈಲ್ ಕೊಂಡರೆ ಅಂಚೆಯೂ ಇಲ್ಲ, ಸುಂಕದ ತಲೆನೋವೂ ಇಲ್ಲ. ಬೇಕಾದ ಅಳತೆಗೆ ಹಿಗ್ಗಿಸಬಹುದು, ಕುಗ್ಗಿಸಬಹುದು. 28 ಮಿಮೀ ಸೈನಿಕರಿಗೆ ಅಂತ ಮಾಡಿದ ಫೈಲನ್ನು 6 ಮಿಮೀಗೆ ಇಳಿಸುವುದಾದರೆ ನೂರಕ್ಕೆ 20ರಷ್ಟು ಇಡಿ. ಆದರೆ ಕಿಟಕಿ ಸರಳು, ತೆಳು ಕಂಬ ಎಲ್ಲ ಕೂದಲಿನಷ್ಟಾಗಿ ಮುರಿಯುತ್ತವೆ. ಸರಳವಾದ ಫೈಲನ್ನೇ ಆರಿಸಿ. ಮನೆಗಳಿಗೆ ರೆಸಿನ್ ಪ್ರಿಂಟ್, ಕೋಟೆ ಗೋಡೆಗೆ ಪ್ಲಾಸ್ಟಿಕ್ ತಂತಿ ಕರಗಿಸಿ ಮಾಡುವ ಪ್ರಿಂಟ್ ಸಾಕು. ಅದರ ಪದರದ ಗೆರೆಯನ್ನು ಕಲ್ಲಿನ ಸಾಲಿನ ಹಾಗೆ ಅಡ್ಡಕ್ಕೆ ಬರುವಂತೆ ನಿಲ್ಲಿಸಿ ಮುದ್ರಿಸಲು ಹೇಳಿ. ಆ ತಂತಿಯ ಪ್ಲಾಸ್ಟಿಕ್ ಪಿಎಲ್‌ಎ ಆದರೆ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಸೊರಬದವರು ಮಕ್ಕಳ ಕಣ್ಣಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ಮೇಷ್ಟ್ರೇ, ನೀವು 1/300ರ ಮೂರು ಮನೆಯೇ ಮುದ್ರಿಸಿ, ಊರು ಒಂದೇ ಇರಲಿ. ಮೊದಲು ಒಂದು ಮನೆ ಮಾತ್ರ ಪ್ರಿಂಟ್ ಮಾಡಿಸಿ, ಪಕ್ಕದಲ್ಲಿ ನಿಮ್ಮ ಸಿಪಾಯಿ ಬೇಸ್ ಇಟ್ಟು ಫೋಟೋ ಇಲ್ಲಿ ಹಾಕಿ. ಅಳತೆ ನೋಡಿ ಹೇಳುತ್ತೇನೆ. ಆಮೇಲೆ ಉಳಿದದ್ದಕ್ಕೆ ಆರ್ಡರ್ ಕೊಡಿ.