ಬಡಾವಣೆಯವರು ಸೇರಿ ಶಾಲೆಯಲ್ಲಿ ವಿಜ್ಞಾನ ಮಾಡಿಸೋದು ಹೇಗೆ? ಅನುಭವ ಇದ್ದವರು ಹೇಳಿ

ರಾಜರಾಜೇಶ್ವರಿ ನಗರದಿಂದ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಪಕ್ಕದಲ್ಲೇ ಸರ್ಕಾರಿ ಪ್ರಾಥಮಿಕ ಶಾಲೆ ಇದೆ. ಅಲ್ಲಿನ ಪರಿಸರ ಅಧ್ಯಯನ ಪುಸ್ತಕದಲ್ಲಿ 'ಮಾಡಿ ನೋಡು' ಅನ್ನುವ ಚಟುವಟಿಕೆಗಳು ಬೇಕಾದಷ್ಟಿವೆ. ಆದರೆ ಮಾಡಿಸೋಕೆ ಸಾಮಾನಿಲ್ಲ, ಜನವೂ ಸಾಲದು. ನಮ್ಮ ನಿವಾಸಿಗಳ ಸಂಘದಲ್ಲಿ ಸ್ವಲ್ಪ ಹಣ ಇದೆ. ಶನಿವಾರ ಬೆಳಿಗ್ಗೆ ಬರೋಕೆ ಐದಾರು ಜನ ತಯಾರಿದ್ದಾರೆ. ಯಾರೂ ವಿಜ್ಞಾನ ಓದಿದವರಲ್ಲ. ಎಲ್ಲಿಂದ ಶುರು ಮಾಡೋದು? ಯಾವುದಕ್ಕೆ ದುಡ್ಡು ಹಾಕಿದರೆ ಉಪಯೋಗ, ಯಾವುದು ದಂಡ? ಮಾಡಿದವರು ದಯವಿಟ್ಟು ಬರೆಯಿರಿ.

ವಿಜಯನಗರದ ಗೃಹಿಣಿ, ವಾರಕ್ಕೊಮ್ಮೆ ಶಾಲೆಗೆ ಹೋಗುವವರು

ಮೇಡಂ, ಸದ್ಯಕ್ಕೆ ಏನೂ ಕೊಳ್ಳಬೇಡಿ. ಮೊದಲು ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರೂ ಜೊತೆಗಿರಲಿ. ಯಾರು ಬರ್ತೀರಿ, ಯಾವ ದಿನ, ಎಷ್ಟು ಹೊತ್ತು ಅಂತ ಒಂದು ಪತ್ರ ಬರೆದುಕೊಟ್ಟು ಒಪ್ಪಿಗೆ ತಗೊಳ್ಳಿ. ಆಮೇಲೆ ನಾಲ್ಕನೇ, ಐದನೇ ತರಗತಿಯ ಪುಸ್ತಕ ಕೂತು ಓದಿ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ವಿಜ್ಞಾನ ಓದಿಲ್ಲ ಅಂತ ಹಿಂಜರಿಯಬೇಡಿ. ಒಂದು ಕ್ಲಾಸಿನ ತುಂಬ ಮಕ್ಕಳಿರುವಾಗ ಒಬ್ಬರೇ ಟೀಚರ್ ಎಲ್ಲರ ಕೈಗೂ ಲೋಟ, ನೀರು ಕೊಟ್ಟು ನೋಡಿಕೊಳ್ಳೋಕೆ ಆಗಲ್ಲ. ನಾಲ್ಕೈದು ಮಕ್ಕಳ ಪಕ್ಕ ಕೂತು "ಈಗ ಏನಾಗುತ್ತೆ ಅಂತೀಯ?" ಅಂತ ಕೇಳಿ, ಉತ್ತರ ಬರೋವರೆಗೆ ಸುಮ್ನೆ ಕಾಯುವ ಒಬ್ಬ ದೊಡ್ಡವರು ಬೇಕು. ನಿಮ್ಮ ಐದಾರು ಜನರೇ ನಿಮ್ಮ ಆಸ್ತಿ.

ನಾವು ಶುರು ಮಾಡಿದ್ದು ಓಕುಳಿಯಿಂದ. ಆರತಿ ತಟ್ಟೆಗೆ ಅರಿಶಿನ, ಸುಣ್ಣ ಕಲಸಿ ಕೆಂಪು ನೀರು ಮಾಡ್ತೀವಲ್ಲ, ಅದೇ. ಪ್ರತಿ ಗುಂಪಿಗೆ ಕೆಲವು ಲೋಟ ಅರಿಶಿನದ ನೀರು, ನಿಂಬೆಹೋಳು, ಹುಣಸೆ ರಸ, ಸೋಪಿನ ನೀರು, ಅಡುಗೆ ಸೋಡಾ ಕೊಟ್ಟೆವು. ಸುಣ್ಣದ ತಿಳಿ ಮಾತ್ರ ನಮ್ಮ ಕೈಯಲ್ಲೇ ಇತ್ತು, ಕಣ್ಣಿಗೆ ಸಿಡಿದರೆ ಅಪಾಯ. ಯಾವುದನ್ನು ಹಾಕಿದರೆ ಏನಾಗುತ್ತೆ ಅಂತ ಮೊದಲೇ ಊಹಿಸಿ ಸ್ಲೇಟಿನ ಮೇಲೆ ಬರೆಯಬೇಕು, ಆಮೇಲೆ ಹಾಕಬೇಕು. ಸೋಪಿಗೂ ಸುಣ್ಣಕ್ಕೂ ನೀರು ಚೆನ್ನಾಗಿ ಕೆಂಪಾಯಿತು. ಅಡುಗೆ ಸೋಡಾಗೆ ಬಣ್ಣ ಅಷ್ಟು ಏರಲಿಲ್ಲ. ಕೆಂಪು ನೀರಿಗೆ ನಿಂಬೆ ಹಿಂಡಿದರೆ ಮತ್ತೆ ಹಳದಿ! ಆಗ ಹಿಂದೆ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಸಾಂಬಾರ್ ಬಿದ್ದ ಶರ್ಟಿಗೆ ಸೋಪು ಹಚ್ಚಿದರೆ ಕಲೆ ಕೆಂಪಾಗುತ್ತೆ, ಅದೂ ಇದೇನಾ?" ಅದೇ ಕಣಮ್ಮ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ಸಿಕ್ಕರೆ ಕೆಂಪಾಗುತ್ತದೆ, ಹುಳಿ ಸಿಕ್ಕರೆ ಹಳದಿಗೆ ಮರಳುತ್ತದೆ. ಆದರೆ ಅದನ್ನು ನಾವು ಹೇಳುವ ಮೊದಲೇ ಅವಳಿಗೆ ಅರ್ಧ ಗೊತ್ತಾಗಿತ್ತು. ಮುಂದಿನ ವಾರ ಮಕ್ಕಳೇ ಕೆಂಪು ದಾಸವಾಳ ತಂದರು. ಅದರ ರಸ ಹುಳಿಗೆ ಗುಲಾಬಿ, ಸೋಪಿಗೆ ಹಸಿರು. ಒಂದು ಗುಂಪಿನವರು ಬೀಟ್‌ರೂಟ್ ತಂದು ಅದೂ ಹೀಗೇ ಬದಲಾಗುತ್ತಾ ಅಂತ ಪರೀಕ್ಷೆ ಶುರು ಮಾಡಿದರು. ಅದನ್ನು ನಾವು ಯೋಚಿಸಿಯೇ ಇರಲಿಲ್ಲ.

ಇದಕ್ಕೆ ಆದ ಖರ್ಚು ಒಂದು ಕಾಫಿ-ತಿಂಡಿಗಿಂತ ಕಮ್ಮಿ. ಪ್ರತಿ ಗುಂಪಿಗೂ ಅದದೇ ಸಾಮಾನು ಸಿಗಬೇಕು, ಅದು ಮುಖ್ಯ. ಮುಂದೆ ಒಬ್ಬರು ಮಾಡಿ ತೋರಿಸಿ, ಉಳಿದವರು ಚಪ್ಪಾಳೆ ತಟ್ಟಿದರೆ ಅದು ಜಾದೂ ಪ್ರದರ್ಶನವಾಗುತ್ತದೆ.

ಸರ್ಕಾರಿ ಶಾಲೆಯ ಶಿಕ್ಷಕಿ, ಬೆಂಗಳೂರು ದಕ್ಷಿಣ

ಮೇಲೆ ಬರೆದವರ ಮಾತಿಗೆ ನನ್ನದೂ ಸೇರಿಸ್ತೀನಿ. ನಮ್ಮ ಕಡೆಯಿಂದ ಕೆಲವು ವಿಷಯ ಗೊತ್ತಿರಲಿ.

ಒಂದರಿಂದ ಮೂರನೇ ತರಗತಿಯಲ್ಲಿ ನಲಿ-ಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ, ನಡೆಯುತ್ತದೆ. ಆ ಮಕ್ಕಳಿಗೆ ಗುಂಪಲ್ಲಿ ಕೂತು ಕೈಯಿಂದ ಮಾಡೋದು ಹೊಸದೇನಲ್ಲ. ನಾಲ್ಕಕ್ಕೆ ಬಂದಾಗ ಸಾಲಾಗಿ ಬೆಂಚಲ್ಲಿ ಕೂತು ಪುಸ್ತಕ ಓದುವುದು ಜಾಸ್ತಿಯಾಗುತ್ತದೆ. ಹಾಗಾಗಿ ನಾಲ್ಕು, ಐದನೇ ತರಗತಿಗೆ ನೀವು ಬಂದರೆ ನಮಗೆ ನಿಜವಾದ ಸಹಾಯ. ಈ ತಿಂಗಳು ಯಾವ ಪಾಠ ನಡೀತಿದೆ ಅಂತ ಕೇಳಿಕೊಂಡು ಬನ್ನಿ. ನಾನು 'ನೀರು' ಪಾಠ ಮಾಡುವ ವಾರ ನೀವು ರಾಕೆಟ್ ತಂದರೆ ಮಕ್ಕಳಿಗೆ ಖುಷಿ ಏನೋ ಆಗುತ್ತದೆ, ಪಾಠಕ್ಕೆ ಅಂಟಲ್ಲ. ತಿಂಗಳಿಗೊಂದು ಸಂಭ್ರಮ ಶನಿವಾರ ಬ್ಯಾಗಿಲ್ಲದ ದಿನ. ಅವತ್ತು ಸಮಯ ಧಾರಾಳ ಸಿಗುತ್ತದೆ, ಅದರಿಂದ ಶುರು ಮಾಡಿ.

ಈಗ ಸಾಮಾನಿನ ವಿಷಯ. ಎಷ್ಟೋ ಶಾಲೆಗಳಲ್ಲಿ ಯಾರೋ ದಾನ ಕೊಟ್ಟ ಕಿಟ್‌ಗಳು ಬೀರುವಿನಲ್ಲೇ ಇರುತ್ತವೆ. ಟೀಚರ್‌ಗೆ ಆಸಕ್ತಿ ಇಲ್ಲ ಅಂದುಕೊಳ್ಳಬೇಡಿ. ಸ್ಟಾಕ್ ರಿಜಿಸ್ಟರಿಗೆ ಹತ್ತಿದ ಸಾಮಾನು ಒಡೆದರೆ ಲೆಕ್ಕ ಕೊಡಬೇಕಾಗುತ್ತದೆ, ಆ ಭಯಕ್ಕೇ ಬೀಗ ಬೀಳೋದು. ಆದ್ದರಿಂದ ಕೊಡುವಾಗಲೇ 'ಬಳಸಿ ಮುಗಿಯುವ ಸಾಮಾನು' ಅಂತ ಪಟ್ಟಿಯಲ್ಲಿ ಬರೆದುಕೊಡಿ. ಒಡೆದರೆ ಒಡೆಯಲಿ, ಮುಗಿದರೆ ಮುಗಿಯಲಿ, ನಾವು ತುಂಬಿಸ್ತೀವಿ ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಮಾತಿಗೆ ಬೀರುವಿನ ಬೀಗ ತೆರೆಯುತ್ತದೆ.

ವಾರಕ್ಕೊಬ್ಬ ಹೊಸ ಮುಖ ಬರೋದು ಬೇಡ, ಇಬ್ಬರೇ ಆದರೂ ಅವರೇ ಬರಲಿ. ಕೆಲಸದ ನಡುವೆ ಫೋಟೋ ತೆಗೆಯಬೇಡಿ, ಮಕ್ಕಳ ಗಮನ ಕ್ಯಾಮೆರಾ ಕಡೆ ಹೋಗುತ್ತದೆ. ತೆಗೆಯಲೇಬೇಕಿದ್ದರೆ ಪೋಷಕರ ಒಪ್ಪಿಗೆ ಬೇಕು.

ಇನ್ನೊಂದು. ಇಲಾಖೆಯ ಕಲಿಕಾ ಹಬ್ಬದಲ್ಲಿ 'ಕಾಗದ-ಕತ್ತರಿ', 'ಮಾಡು-ಆಡು', 'ಊರು ತಿಳಿಯೋಣ' ಅಂತ ಮೂಲೆಗಳನ್ನು ಮಾಡಿದ್ದರು. ಅದರಲ್ಲಿ ಕೆಲಸ ಮಾಡಿದ ಶಿಕ್ಷಕರು ನಿಮ್ಮ ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ) ಇದ್ದೇ ಇರುತ್ತಾರೆ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರನ್ನು ಕೇಳಿ ಹುಡುಕಿ. ಭಾರತ ಜ್ಞಾನ ವಿಜ್ಞಾನ ಸಮಿತಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಎರಡರಲ್ಲೂ ಈ ಕೆಲಸ ಬಲ್ಲವರು ಸಿಗುತ್ತಾರೆ.

ಎಸ್‌ಡಿಎಂಸಿ ಸದಸ್ಯ, ಹೆಗ್ಗನಹಳ್ಳಿ ಕಡೆಯವರು

ಸಮುದಾಯ ಅಂದ ತಕ್ಷಣ ಅಪಾರ್ಟ್‌ಮೆಂಟಿನವರು, ಕಂಪನಿಯವರು ಅಂತ ಅಂದುಕೊಳ್ತೀವಿ. ಮಕ್ಕಳ ಅಪ್ಪ-ಅಮ್ಮಂದಿರೂ ಸಮುದಾಯವೇ, ಅಲ್ವಾ? ನಮ್ಮ ಶಾಲೆಯಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ಒಬ್ಬ ಹುಡುಗನ ಅಪ್ಪ ಗಾರೆ ಮೇಸ್ತ್ರಿ. ಅವರನ್ನು ಕರೆದೆವು. "ನಾನೇನು ಹೇಳ್ಲಿ ಸಾರ್, ಓದಿದವನಲ್ಲ" ಅಂದರು. "ನೀವು ದಿನಾ ಮಾಡೋದನ್ನೇ ಮಾಡಿ ಅಣ್ಣ, ಸಾಕು" ಅಂದೆವು.

ಅವರು ತಂದಿದ್ದು ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು. ಒಂದು ತುದಿ ತರಗತಿಯ ಒಳಗೆ ಗೋಡೆಗೆ ಹಿಡಿದರು. ಇನ್ನೊಂದು ತುದಿ ಹಿಡಿದುಕೊಂಡು ಮಗ ಬಾಗಿಲು ದಾಟಿ, ಮೂಲೆ ತಿರುಗಿ ವರಾಂಡಕ್ಕೆ ಹೋದ. ಒಳಗಿನವರಿಗೆ ಅವನು ಕಾಣುತ್ತಿಲ್ಲ. ನೀರು ಅಲುಗಾಡೋದು ನಿಲ್ಲೋವರೆಗೆ ಕಾದು, ಎರಡೂ ಕಡೆ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದರು. "ಈ ಎರಡು ಗೆರೆ ಒಂದೇ ಎತ್ತರದಲ್ಲಿವೆ" ಅಂದರು ಮೇಸ್ತ್ರಿ. ಮಕ್ಕಳು ನಂಬಲಿಲ್ಲ. ಟೇಪು ಹಿಡಿದು ನೆಲದಿಂದ ಅಳೆದರು. ಬೇರೆ ಬೇರೆ ಬಂತು! ಜೋರು ಗಲಾಟೆ. ಮೇಸ್ತ್ರಿ ನಕ್ಕು, "ಹಂಗಾದ್ರ ತಪ್ಪು ಯಾರದು, ನೀರಿಂದಾ ನೆಲದ್ದಾ?" ಅಂದರು. ಒಂದು ಹುಡುಗಿ ಹೋಗಿ ಗೋಲಿ ತಂದು ವರಾಂಡದಲ್ಲಿಟ್ಟಳು. ಅದು ಚರಂಡಿ ಕಡೆಗೆ ಉರುಳಿತು. ಮಳೆನೀರು ಹೋಗಲಿ ಅಂತ ವರಾಂಡಕ್ಕೆ ಇಳಿಜಾರು ಕೊಟ್ಟಿದ್ದರು. ಆಮೇಲೆ ಪೈಪಿನ ಒಂದು ತುದಿಗೆ ಬೆರಳು ಒತ್ತಿ ಹಿಡಿದು ಮಟ್ಟ ನೋಡಿದರು. ಈಗ ನೀರು ಮೋಸ ಮಾಡಿತು. ಎರಡೂ ತುದಿಯ ಮೇಲೆ ಗಾಳಿಯ ಒತ್ತಡ ಒಂದೇ ಇದ್ದರೆ ತಾನೇ ಮಟ್ಟವೂ ಒಂದೇ ಇರೋದು. ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೂ ಹೀಗೇ ಆಗುತ್ತೆ, ಅದಕ್ಕೇ ಮೊದಲು ಪೈಪು ತಟ್ಟಿ ಗುಳ್ಳೆ ತೆಗೀಬೇಕು ಅಂತ ಮೇಸ್ತ್ರಿಯೇ ಹೇಳಿಕೊಟ್ಟರು.

ಆ ಹುಡುಗ ಅಲ್ಲಿವರೆಗೆ ಕ್ಲಾಸಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವನ ಮಾತು ಬೆಂಗಳೂರಿನ ಮಕ್ಕಳಿಗೆ ಬೇರೆ ಥರ ಕೇಳಿಸ್ತಿತ್ತು, ನಗ್ತಿದ್ದರು. ಅವತ್ತು ಪೈಪು ಹಿಡಿಯೋಕೆ ಎಲ್ಲರೂ ಅವನ ಹಿಂದೆ ಬಿದ್ದರು. ನನಗೆ ಇದಕ್ಕಿಂತ ದೊಡ್ಡ ಫಲ ಬೇಡ. ಆಮೇಲೆ ಸೈಕಲ್ ಶಾಪಿನವರು ಬಂದು ಪಂಕ್ಚರ್ ಹುಡುಕೋದು ತೋರಿಸಿದರು. ಹೂ ಕಟ್ಟುವ ಒಬ್ಬ ತಾಯಿ ಬಿಳಿ ಸೇವಂತಿಗೆ ತಂದರು, ಅದರ ಕಾಂಡವನ್ನು ಶಾಯಿ ನೀರಲ್ಲಿಟ್ಟು ಮಾರನೇ ದಿನ ದಳದ ಬಣ್ಣ ನೋಡಿದೆವು. ಪೋಷಕರಿಗೆ ಒಂದು ಹೊತ್ತಿನ ಕೂಲಿ ಹೋಗುತ್ತದೆ. ನಿಮ್ಮ ಸಂಘದ ಹಣದಲ್ಲಿ ಅದನ್ನು ಕೊಡಿ, ದಯವಿಟ್ಟು ಮರೆಯಬೇಡಿ.

ಪೀಣ್ಯದಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವರು

ಕರೆಂಟಿನ ಪಾಠಕ್ಕೆ ಎಸ್.ಪಿ. ರಸ್ತೆಗೆ ಹೋಗಿ. ಎಲ್‌ಇಡಿ, ವೈರು, ಸೆಲ್ ಹೋಲ್ಡರು, ಪುಟ್ಟ ಮೋಟರು ಎಲ್ಲ ಬಿಡಿಯಾಗಿ ಸಿಗುತ್ತವೆ. ರೆಡಿಮೇಡ್ ಕಿಟ್ ಬೇಡ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಎರಡು ಪೆನ್ಸಿಲ್ ಸೆಲ್ ಒಂದರ ಹಿಂದೊಂದು ಇಟ್ಟರೆ ಆಯಿತು. ಕೆಂಪಿಗೆ 2 ವೋಲ್ಟ್ ಸಾಕು, ಅದಕ್ಕೆ ನಡುವೆ 100 ಓಮ್ ರೆಸಿಸ್ಟರ್ ಹಾಕಿ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಹತ್ತುತ್ತದೆ. ಇದನ್ನು ಹೇಳಬೇಡಿ, ಮಕ್ಕಳೇ ತಿರುಗಿಸಿ ಕಂಡುಕೊಳ್ಳಲಿ. ಆಮೇಲೆ ವೈರಿನ ನಡುವೆ ಜಾಗ ಬಿಟ್ಟು ಚಮಚ, ಬಳೆ, ಕೀಲಿಕೈ, ರಬ್ಬರು, ಪೆನ್ಸಿಲ್ಲಿನ ಸೀಸ ಇಟ್ಟು ನೋಡೋಕೆ ಬಿಡಿ. ಸೀಸ ಇಟ್ಟಾಗ ದೀಪ ಹತ್ತುವುದನ್ನು ಯಾವ ಮಗುವೂ ನಿರೀಕ್ಷಿಸಿರಲ್ಲ. ಅದು ಗ್ರಾಫೈಟು, ಕರೆಂಟು ಹರಿಯುತ್ತದೆ.

ಒಂದು ಎಚ್ಚರಿಕೆ. ನಾಣ್ಯದಂಥ ಬಟನ್ ಸೆಲ್ ಶಾಲೆಯೊಳಗೆ ಬರಲೇಬಾರದು. ಚಿಕ್ಕ ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಫಳಫಳ ಹೊಳೆಯುವ ಪುಟ್ಟ ಶಕ್ತಿಶಾಲಿ ಅಯಸ್ಕಾಂತವೂ ಬೇಡ, ಹಳೆ ಸ್ಪೀಕರಿನ ಕಪ್ಪು ರಿಂಗ್ ಅಯಸ್ಕಾಂತ ಸಾಕು. ಗೋಡೆಯ ಪ್ಲಗ್ಗಿನ ತಂಟೆಗೆ ಹೋಗಲೇಬೇಡಿ.

ಕಸದಿಂದ ಆಟಿಕೆ ಮಾಡಿಸುವುದಕ್ಕೆ ಅರವಿಂದ ಗುಪ್ತಾ ಅವರ ವೆಬ್‌ಸೈಟ್ ನೋಡಿ. ಐಐಟಿ ಕಾನ್ಪುರದಲ್ಲಿ ಓದಿದವರು, 2018ರಲ್ಲಿ ಪದ್ಮಶ್ರೀ ಬಂದಿದೆ. ಎಲ್ಲವೂ ಉಚಿತ.

ಜಯನಗರದ ನಿವೃತ್ತ ಉಪನ್ಯಾಸಕ

ನಾನು ಹೇಳುವುದು ಒಂದು ಕೋಲಿನ ವಿಷಯ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅದಕ್ಕೇ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಹಾಗಾಗಿ ಆ ಒಂದು ದಿನವನ್ನೇ ನೆಚ್ಚಿಕೊಳ್ಳಬೇಡಿ. ಜೂನ್‌ನಿಂದಲೇ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟು, ಬಿಸಿಲಿದ್ದ ದಿನ ಬಿಸಿಯೂಟದ ಮುಂಚೆ ನೆರಳಿನ ತುದಿಗೆ ಗುರುತು ಹಾಕಿಸಿ. ನೆರಳು ಅತಿ ಚಿಕ್ಕದಾಗುವುದು 12 ಗಂಟೆಗಲ್ಲ, ಆ ತಿಂಗಳುಗಳಲ್ಲಿ 12.20ರ ಸುಮಾರಿಗೆ. ನಮ್ಮ ಗಡಿಯಾರದ ಸಮಯ ನಮಗಿಂತ ಪೂರ್ವಕ್ಕಿರುವ ರೇಖಾಂಶದ್ದು.

ಜೂನ್ ಕೊನೆಯಲ್ಲಿ ಸುಮಾರು 18 ಸೆಂ.ಮೀ. ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗಸ್ಟ್‌ಗೆ ಇಲ್ಲವಾಗುತ್ತದೆ. ಆಮೇಲೆ ಉತ್ತರಕ್ಕೆ ತಿರುಗಿ, ಡಿಸೆಂಬರ್ ಕೊನೆಗೆ ಸುಮಾರು 74 ಸೆಂ.ಮೀ. ಆಗುತ್ತದೆ. ನೆರಳು ದಿಕ್ಕು ಬದಲಿಸುವುದನ್ನು ತಮ್ಮ ಅಂಗಳದಲ್ಲೇ ಕಂಡ ಮಗುವಿಗೆ ಮುಂದೆ ದಕ್ಷಿಣಾಯನ, ಉತ್ತರಾಯಣ ಬಾಯಿಪಾಠ ಮಾಡಿಸಬೇಕಾಗಿಲ್ಲ. ಶನಿವಾರ ಅರ್ಧ ದಿನದ ಶಾಲೆ, ಆದ್ದರಿಂದ ಇದನ್ನು ಶಿಕ್ಷಕರಿಗೇ ಒಪ್ಪಿಸಬೇಕು.

ಪ್ರವಾಸಕ್ಕೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, 1989ರಲ್ಲಿ ಶುರುವಾದ ನೆಹರೂ ತಾರಾಲಯದ ಅಂಗಳದ ವಿಜ್ಞಾನ ಉದ್ಯಾನ ಎರಡೂ ಒಳ್ಳೆಯವು. ನನ್ನ ಆಯ್ಕೆ ಮಾತ್ರ ಲಾಲ್‌ಬಾಗ್ ಬಂಡೆ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಭೂತಗನ್ನಡಿ ಕೊಟ್ಟು ಕಪ್ಪು-ಬಿಳಿ ಪಟ್ಟೆಗಳನ್ನು ಚಿತ್ರ ಬರೆಯಲು ಹೇಳಿ, ಮಕ್ಕಳು ಏಳುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಕಷ್ಟ ಇದೆ. ಸಂಘದಲ್ಲಿ ಕೆಲವರು "ಒಂದು ಕೋಣೆ ಪೂರ್ತಿ ಲ್ಯಾಬ್ ಮಾಡಿಸಿ, ಸಂಘದ ಹೆಸರು ಹಾಕೋಣ" ಅಂತಾರೆ. ಅವರೂ ಒಳ್ಳೆ ಮನಸ್ಸಿನಿಂದಲೇ ಹೇಳ್ತಿರೋದು. ಏನು ಹೇಳಲಿ?

ವಿಜಯನಗರದ ಗೃಹಿಣಿ

ಅವರನ್ನು ಒಂದು ಶನಿವಾರ ನಿಮ್ಮ ಜೊತೆ ಕರೆದುಕೊಂಡು ಹೋಗಿ ಮೇಡಂ, ಒಂದು ಗುಂಪಿನ ಪಕ್ಕ ಕೂರಿಸಿ. ವಾದ ಮಾಡೋದಕ್ಕಿಂತ ಅದು ವಾಸಿ. ಹಣವನ್ನು ಒಂದೇ ಸಲ ಸುರಿಯದೆ ಮೂರು ವರ್ಷಕ್ಕೆ ಹಂಚಿ. ಮೊದಲ ವರ್ಷ ಲೋಟ, ಟ್ರೇ, ಅಳತೆ ಟೇಪು, ಭೂತಗನ್ನಡಿ, ಸೆಲ್ಲು, ಪೋಷಕರ ಕೂಲಿ, ಒಂದು ಪ್ರವಾಸದ ಬಸ್ಸು. ಕೋಣೆ ಬೇಕೇ ಬೇಕು ಅಂದರೆ ಗಾಳಿ-ಬೆಳಕು ಇರುವ ಒಂದು ಕೋಣೆಗೆ ನಲ್ಲಿ, ಸಿಂಕು, ಮಕ್ಕಳ ಕೈಗೆ ಎಟುಕುವ ಕಪಾಟು ಮಾಡಿಸಿ, ಬಾಗಿಲಿಲ್ಲದ ಕಪಾಟು. ಬಿಲ್ಲುಗಳ ಒಂದು ಪ್ರತಿ ಹೆಡ್‌ಮಾಸ್ಟರಿಗೆ, ಒಂದು ಎಸ್‌ಡಿಎಂಸಿಗೆ ಕೊಡಿ. ಶಾಲೆ ಶುರುವಾದ ಮೊದಲ ವಾರಗಳಲ್ಲಿ ದಾಖಲಾತಿ, ಪುಸ್ತಕ ಹಂಚುವ ಗಡಿಬಿಡಿ ಇರುತ್ತೆ. ಜೂನ್ ಕೊನೆಗೆ ಹೋಗಿ ಮಾತಾಡಿ. ಮೊದಲ ದಿನಕ್ಕೆ ಜನ ಸಾಲದಿದ್ದರೆ ಹೇಳಿ, ನಮ್ಮಲ್ಲಿಂದ ಇಬ್ಬರು ಮೆಟ್ರೋ ಹತ್ತಿ ಬರ್ತೀವಿ.