ಶಾಪ್ ಫ್ಲೋರಿನಲ್ಲಿ ನಿಂತು ನೋಡುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೇಳಿದವರು: ಪೀಣ್ಯದ ಯಂತ್ರಭಾಗ ಘಟಕವೊಂದರ ಹೊಸ ಉತ್ಪಾದನಾ ವ್ಯವಸ್ಥಾಪಕರು

ಹನ್ನೊಂದು ವರ್ಷ ಪ್ಲಾನಿಂಗ್ ವಿಭಾಗದಲ್ಲಿದ್ದು, ಎರಡು ತಿಂಗಳ ಹಿಂದೆ ಈ ಹುದ್ದೆಗೆ ಬಂದಿದ್ದೇನೆ. ದಿನಕ್ಕೆ ಒಂದು ಗಂಟೆಯಾದರೂ ಫ್ಲೋರಿನಲ್ಲಿ, ಅಂದರೆ ಯಂತ್ರಗಳು ಓಡುವ ಜಾಗದಲ್ಲಿ, ಇದ್ದು ಕೆಲಸ ನೋಡಬೇಕೆಂದು ಮಾಲೀಕರು ಹೇಳಿದ್ದಾರೆ. ಆದರೆ ನಾನು ಕಾಲಿಟ್ಟೊಡನೆ ಮಾತು ನಿಲ್ಲುತ್ತದೆ, ಎಲ್ಲರ ಕೈಯೂ ಚುರುಕಾಗುತ್ತದೆ, ಮರಳಿ ಬರುವಾಗ ನನ್ನ ಟಿಪ್ಪಣಿ ಪುಸ್ತಕ ಖಾಲಿಯೇ ಇರುತ್ತದೆ. ಇದನ್ನು ಮಾಡಿ ನೋಡಿದವರ ಅನುಭವ ಬೇಕಾಗಿದೆ.

ನಿವೃತ್ತ ಫೋರ್‌ಮನ್, ಬೆಂಗಳೂರು

ತಾವು ಫ್ಲೋರಿನಲ್ಲಿ ಸುತ್ತು ಹಾಕುತ್ತಿದ್ದೀರಿ, ನಿಲ್ಲುತ್ತಿಲ್ಲ ಎಂದು ಕಾಣುತ್ತದೆ. ಕೆಲಸ ನಡೆಯುವ ಜಾಗವನ್ನು ಜಪಾನಿನವರು ಗೆಂಬಾ ಎನ್ನುತ್ತಾರೆ. ನಮ್ಮ ಕಾರ್ಖಾನೆಗಳಿಗೆ ಅದು ‘ಗೆಂಬಾ ವಾಕ್’ ಆಗಿ ಬಂದು, ಬಹಳ ಕಡೆ ವಾಕ್ ಮಾತ್ರ ಉಳಿದಿದೆ. ಟೊಯೋಟಾದ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಯಿಚಿ ಓನೊ ಅವರು ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಅದರೊಳಗೆ ಎಂಜಿನಿಯರುಗಳನ್ನು ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ. ಮೊದಲ ಅರ್ಧ ಗಂಟೆ ಬೇಸರವಲ್ಲದೆ ಬೇರೇನೂ ಆಗುವುದಿಲ್ಲ. ಕಣ್ಣು ತೆರೆಯುವುದು ಅದಾದ ಮೇಲೆ.

ನಮ್ಮ ಸಿ.ಎನ್.ಸಿ. ಲೇತ್ (ಕಂಪ್ಯೂಟರ್ ನಿಯಂತ್ರಣದ ಕಡೆತದ ಯಂತ್ರ) ಒಂದರ ಲಾಗ್ ಪುಸ್ತಕದಲ್ಲಿ ಜಾಬ್, ಅಂದರೆ ಯಂತ್ರದಲ್ಲಿ ತಯಾರಾಗುವ ಭಾಗ, ಬದಲಾದಾಗಲೆಲ್ಲ ‘ಸೆಟ್ಟಿಂಗ್, 90 ನಿಮಿಷ’ ಎಂದೇ ಬರೆದಿರುತ್ತಿತ್ತು. ಆಪರೇಟರಿಗೆ ತರಬೇತಿ ಸಾಲದೆಂದು ನಾವು ಕಚೇರಿಯಲ್ಲಿ ಕುಳಿತೇ ತೀರ್ಮಾನಿಸಿದ್ದೆವು. ಒಂದು ದಿನ ಆ ಯಂತ್ರದ ಪಕ್ಕದಲ್ಲಿ ನಿಂತು, ಹಳೆಯ ಜಾಬಿನ ಕೊನೆಯ ಪೀಸಿನಿಂದ ಹೊಸ ಜಾಬಿನ ಮೊದಲ ಒಳ್ಳೆಯ ಪೀಸಿನವರೆಗೂ ನೋಡಿದೆ. ಚಕ್ಕಿನ ಜಾ (ಪೀಸನ್ನು ಹಿಡಿಯುವ ಹಲ್ಲುಗಳು) ಬದಲಿಸಿ, ಟೂಲ್ ಕಟ್ಟಿ, ಆಫ್‌ಸೆಟ್ (ಟೂಲಿನ ಸ್ಥಾನದ ಅಳತೆ) ಕೊಡಲು ಆತನಿಗೆ ಹಿಡಿದದ್ದು ಬರೀ ಮೂವತ್ತು ನಿಮಿಷ. ಉಳಿದ ಹೊತ್ತಿನಲ್ಲಿ ಆತ ಜಾ ಸೆಟ್ಟಿಗಾಗಿ ಎರಡು ಬಾರಿ ಟೂಲ್ ಸ್ಟೋರಿಗೆ ಹೋಗಿ ಬಂದ, ಮೂರು ಯಂತ್ರಗಳಿಗೆ ಇದ್ದ ಒಂದೇ ಥ್ರೆಡ್ ಗೇಜಿಗಾಗಿ (ತಿರುಪಿನ ಎಳೆ ಪರೀಕ್ಷಿಸುವ ಸಾಧನ) ಕಾದ, ಕ್ವಾಲಿಟಿಯವರು ಮೊದಲ ಪೀಸನ್ನು ಪಾಸ್ ಮಾಡುವವರೆಗೆ ಯಂತ್ರ ನಿಲ್ಲಿಸಿಕೊಂಡು ಕೈಕಟ್ಟಿ ನಿಂತ. ಇಷ್ಟಕ್ಕೆಲ್ಲ ಪುಸ್ತಕದಲ್ಲಿದ್ದದ್ದು ಒಂದೇ ಕಾಲಂ. ತರಬೇತಿಯ ಮಾತನ್ನು ಅಲ್ಲಿಗೇ ಬಿಟ್ಟು ಇನ್ನೊಂದು ಗೇಜ್ ತರಿಸಿದೆವು. ಹಿಂದಿನ ಜಾಬ್ ಓಡುತ್ತಿರುವಾಗಲೇ ಮುಂದಿನದರ ಜಾ ಮತ್ತು ಟೂಲುಗಳು ಟ್ರಾಲಿಯಲ್ಲಿ ಯಂತ್ರದ ಬಳಿ ಬಂದಿರುವಂತೆ ಮಾಡಿದೆವು.

ಆದ್ದರಿಂದ ಆಳನ್ನು ನೋಡಬೇಡಿ, ಜಾಬನ್ನು ನೋಡಿ. ಅದು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನಷ್ಟೇ ಬರೆದುಕೊಳ್ಳಿ.

ಗಾರ್ಮೆಂಟ್ಸ್ ಲೈನ್ ಸೂಪರ್‌ವೈಸರ್, ಮೊದಲು ಟೈಲರ್

ನಾನು ನೋಡಿಸಿಕೊಂಡವಳ ಕಡೆಯಿಂದ ಬರೆಯುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ಬಂದು ಬೆನ್ನ ಹಿಂದೆ ನಿಂತಾಗ ಹೆದರಿಕೆಯಿಂದ ಒಂದೇ ಸಮನೆ ಹೊಲಿದೆ. ಆ ಗಂಟೆಯ ಲೆಕ್ಕವೇ ಮರುದಿನದಿಂದ ಇಡೀ ಲೈನಿನ ಟಾರ್ಗೆಟ್ ಆಯಿತು. ಅಕ್ಕಪಕ್ಕದವರ ಬೈಗುಳ ನನಗೆ ಬಿತ್ತು. ಮುಂದೆ ಯಾರೇ ಬಂದು ನಿಂತರೂ ನಾವೆಲ್ಲ ಬೇಕೆಂದೇ ಕೈ ನಿಧಾನ ಮಾಡುತ್ತಿದ್ದೆವು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬಹಳ ದಿನಗಳ ಮೇಲೆ ಬಂದ ಇನ್ನೊಬ್ಬ ಮ್ಯಾನೇಜರ್ ಹಿಂದೆ ನಿಲ್ಲದೆ ಎದುರಿಗೆ ಸ್ಟೂಲ್ ಹಾಕಿಕೊಂಡು ಕುಳಿತು, “ಈ ಬಂಡಲಿನಲ್ಲಿ ನಿಮಗೆ ತೊಡಕಾಗುವುದು ಎಲ್ಲಿ?” ಎಂದು ಕೇಳಿದರು. ಕಟಿಂಗಿನಿಂದ ಬರುವ ಕಾಲರುಗಳಲ್ಲಿ ನಡುವಿನ ನಾಚ್ (ನಡುವನ್ನು ತೋರಿಸಲು ಬಟ್ಟೆಯಂಚಿಗೆ ಹಾಕುವ ಸಣ್ಣ ಕತ್ತರಿ ಗುರುತು) ಇರುತ್ತಿರಲಿಲ್ಲ. ನಾನು ಪ್ರತಿಯೊಂದನ್ನೂ ಮಡಿಸಿ, ಚಾಕ್‌ನಿಂದ ಗುರುತು ಹಾಕಿಯೇ ಹೊಲಿಯುತ್ತಿದ್ದೆ. ಆಪರೇಷನ್ ಪಟ್ಟಿಯಲ್ಲಿ ಈ ಕೆಲಸವೇ ಇರಲಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎರಡೇ ದಿನಗಳಲ್ಲಿ ನಾಚ್ ಬಂತು, ಟಾರ್ಗೆಟ್ ಮಾತ್ರ ಹೆಚ್ಚಲಿಲ್ಲ. ಆ ವಾರವೇ ಲೈನಿನವರೆಲ್ಲ ತಾವಾಗಿಯೇ ಅವರನ್ನು ಕರೆದು ತಮ್ಮ ತಮ್ಮ ತೊಡಕು ಹೇಳತೊಡಗಿದರು.

ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ, ಹುಬ್ಬಳ್ಳಿ

ಮೇಲೆ ಅಕ್ಕನವರು ಬರೆದ ಹೆದರಿಕೆ ಹಳೆಯದು. ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ 1911ರಲ್ಲಿ ಎರಕದ ಕೆಲಸಗಾರರು ಕೆಲಸ ಬಿಟ್ಟು ಹೊರನಡೆದದ್ದು ಸ್ಟಾಪ್‌ವಾಚ್ ಹಿಡಿದು ತಮ್ಮ ಕೆಲಸ ಅಳೆಯುವುದನ್ನು ವಿರೋಧಿಸಿಯೇ. ಹೀಗಾಗಿ ಫೋರ್‌ಮನ್ ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ: ಹೇಳದೆ ಕೇಳದೆ ಗಂಟೆಗಟ್ಟಲೆ ನಿಂತರೆ ಅದು ಪತ್ತೇದಾರಿಯಂತೆ ಕಾಣುತ್ತದೆ. ಏನು ನೋಡಲು ಬಂದಿದ್ದೀರಿ, ಬರೆದುಕೊಂಡದ್ದನ್ನು ಏನು ಮಾಡುತ್ತೀರಿ ಎಂಬುದನ್ನು ಮೊದಲ ದಿನವೇ ಹೇಳಿ, ಪುಸ್ತಕವನ್ನು ಅವರಿಗೂ ತೋರಿಸಿ.

ಇನ್ನೊಂದು ಮಾತು, ಬೆಳಗಿನ ಪಾಳಿಯನ್ನಷ್ಟೇ ನೋಡಬೇಡಿ. ನಮ್ಮಲ್ಲಿ ರಾತ್ರಿಯ ಪೆಟ್ಟಿಗೆಗಳ ಮೇಲೆ ಕೈಬರಹದ ಲೇಬಲ್ ಇರುತ್ತಿದ್ದುದಕ್ಕೆ ಹಲವರಿಗೆ ಮೆಮೊ ಕೊಟ್ಟಿದ್ದೆವು. ಒಂದು ರಾತ್ರಿ ಹನ್ನೊಂದರವರೆಗೆ ಅಲ್ಲೇ ಉಳಿದಾಗ ಗೊತ್ತಾಯಿತು: ಪ್ರಿಂಟರಿನ ರಿಬ್ಬನ್ ಸ್ಟೋರಿನೊಳಗೆ, ಸ್ಟೋರಿನ ಬೀಗದ ಕೈ ಸಂಜೆ ಆರಕ್ಕೇ ಮನೆಗೆ ಹೋಗುವವರ ಜೇಬಿನೊಳಗೆ.