ಅಪ್ಪನ ಜೊತೆ ನಿಧಾನಕ್ಕೆ ಒಂದು ಊಟ: ಹೋಟೆಲಾ, ಮನೆಯಾ? ಅನುಭವ ಇದ್ದವರು ಹೇಳಿ

ಸಾಗರದ ಮಗ:
ಅಪ್ಪನಿಗೆ 81. ಅಮ್ಮ ಹೋದ ಮೇಲೆ ಸಾಗರದಲ್ಲಿ ಒಬ್ಬರೇ ಇದ್ದಾರೆ. ತಿಂಗಳಿಗೊಮ್ಮೆ ಹೋಗುತ್ತೇನೆ. ಇಬ್ಬರೂ ಹತ್ತು ನಿಮಿಷದಲ್ಲಿ ಉಂಡು ಎದ್ದುಬಿಡುತ್ತೇವೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮ ಹಳೇ ಮನೆ ಮುಳುಗಿದಾಗ ಅಪ್ಪನಿಗೆ 20. ಆ ಕಥೆಯನ್ನು ಒಮ್ಮೆ ಕೂತು ಕೇಳಬೇಕು. ಹೋಟೆಲ್‌ಗೆ ಕರೆದುಕೊಂಡು ಹೋಗಲಾ, ಮನೆಯಲ್ಲೇ ಏನಾದರೂ ಮಾಡಲಾ? ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೆ ಬೇಜಾರಾಗುತ್ತಾರಾ? ಶುಗರ್ ಬೇರೆ ಇದೆ.

ನಾಲ್ಕನೇ ಬ್ಲಾಕ್:
ಹೋಟೆಲ್ ಮಾತ್ರ ಬೇಡ. ಹೋದ ವರ್ಷ ಅಪ್ಪನ ಹುಟ್ಟುಹಬ್ಬಕ್ಕೆ ಒಂದು ದೊಡ್ಡ ಬಫೆಗೆ ಕರೆದುಕೊಂಡು ಹೋದೆ. ಹೋಗುವಾಗ ಕ್ಯಾಬ್ 620, ಬರುವಾಗ ಮಳೆ ಅಂತ 910. ಊಟ ತಲಾ 1,150, ಮೇಲೆ ಟ್ಯಾಕ್ಸ್. ಹಾಡು ಎಷ್ಟು ಜೋರು ಅಂದರೆ ಅಪ್ಪ ಹಿಯರಿಂಗ್ ಏಡ್ ತೆಗೆದು ಜೇಬಿಗೆ ಹಾಕಿಕೊಂಡರು. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲೋದು ಮದುವೆ ಮನೆಯಲ್ಲೂ ಅವರಿಗೆ ಆಗೋದಿಲ್ಲ. ತಿಂದದ್ದು ಮೊಸರನ್ನ. ಬಿಲ್ ನೋಡಿಬಿಟ್ಟರು. ಮೂರು ತಿಂಗಳು ಮನೆಗೆ ಬಂದವರಿಗೆಲ್ಲ "ನನ್ನ ಮಗ 1,150 ರೂಪಾಯಿಗೆ ಮೊಸರನ್ನ ಕೊಡಿಸಿದ" ಅಂತ ಹೇಳಿದರು. ಅದೊಂದೇ ನಮ್ಮ ಕುಟುಂಬದ ನೆನಪು ಈಗ.

ಹೊಸನಗರದ ಮಾವ:
ಮನೆಯಲ್ಲೇ ಮಾಡಿ. ನಾನು ಆಷಾಢದಲ್ಲಿ ಪತ್ರೊಡೆ ಮಾಡಿದೆ. ಅಕ್ಕಿ ನೆನೆಸಿ, ಮಸಾಲೆ ರುಬ್ಬಿ, ಕೆಸುವಿನ ಎಲೆಗೆ ಸವರಿ, ಸುತ್ತಿ, ಬೇಯಿಸುವ ಹೊತ್ತಿಗೆ ಮಧ್ಯಾಹ್ನ ಮೂರು. ಕೆಸು ತುರಿಸದಿರಲಿ ಅಂತ ಹಾಕುವ ಹುಣಸೆಹುಳಿ ಕಡಿಮೆಯಾಯಿತು. ಒಂದು ತುಂಡು ಬಾಯಿಗಿಟ್ಟ ಅಪ್ಪನಿಗೆ ಗಂಟಲು ತುರಿಸಿ ಕಣ್ಣಲ್ಲಿ ನೀರು. ನನಗೆ ಕೈಕಾಲು ಬಿಟ್ಟುಹೋಯಿತು. ಅವರು ಬೆಲ್ಲ ಚೀಪುತ್ತಾ ನಗೋಕೆ ಶುರು ಮಾಡಿದರು. ಅಮ್ಮ ಮದುವೆಯಾಗಿ ಬಂದ ಮೊದಲ ಮಳೆಗಾಲ ಹೀಗೇ ಮಾಡಿ, ಉಂಡ ಹನ್ನೊಂದು ಜನಕ್ಕೂ ಗಂಟಲು ತುರಿಸಿ, ಕೊಟ್ಟಿಗೆಯಲ್ಲಿ ಕೂತು ಅತ್ತಳಂತೆ. ನನಗೆ 52 ವರ್ಷ, ಈ ಕಥೆ ಕೇಳಿಯೇ ಇರಲಿಲ್ಲ.

ಮಾವಳ್ಳಿ ಹಳಬ:
ರುಬ್ಬಿದ್ದು ನೀವಾ, ನಿಮ್ಮ ಹೆಂಡತಿಯಾ? ಅದನ್ನೂ ಬರೆಯಿರಿ ಸ್ವಾಮಿ. ಹೋಟೆಲ್ ತಪ್ಪಲ್ಲ, ಆರಿಸಿದ್ದು ತಪ್ಪು. ಅವರು ಚಿಕ್ಕವರಿದ್ದಾಗ ಹೋಗುತ್ತಿದ್ದ ಜಾಗಕ್ಕೇ ಕರೆದುಕೊಂಡು ಹೋಗಬೇಕು. ನಾನು ಲಾಲ್‌ಬಾಗ್ ರಸ್ತೆಯ ಹಳೇ ಹೋಟೆಲ್ ಎಂಟಿಆರ್‌ಗೆ ಕರೆದುಕೊಂಡು ಹೋದೆ. ಮುಕ್ಕಾಲು ಗಂಟೆ ಕಾದೆವು. ಕಾಯುವಾಗಲೇ ಮಾತು ಬಂತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ಹೋಟೆಲಿನವರು ಅದೇ ರುಚಿ ಕೊಟ್ಟು, ದಿನದ ನಷ್ಟವನ್ನು ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರಂತೆ. ಅಪ್ಪ ಆಗ ಗುಮಾಸ್ತ. ಸಂಬಳದ ದಿನ ಅಲ್ಲಿ ತಿಂದು, ನಡೆದೇ ಮನೆಗೆ ಹೋಗುತ್ತಿದ್ದರಂತೆ. ರವೆ ಇಡ್ಲಿ ಹುಟ್ಟಿಸಿದ್ದೂ ಅವರೇ ಅಂತಾರೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ.

ಹೊಸನಗರದ ಮಾವ:
ರುಬ್ಬಿದ್ದು ನಾನೇ. ಹೆಂಡತಿ ತವರಿಗೆ ಹೋಗಿದ್ದಳು. ರವೆ ಇಡ್ಲಿ ಇತಿಹಾಸ ಇಲ್ಲಿ ಯಾರು ಕೇಳಿದರು?

ನಾಲ್ಕನೇ ಬ್ಲಾಕ್:
ಮುಕ್ಕಾಲು ಗಂಟೆ ನಿಲ್ಲೋಕೆ 81ರವರಿಗೆ ಮಂಡಿ ಇರಬೇಕಲ್ವಾ?

ಮಾವಳ್ಳಿ ಹಳಬ:
ಕುರ್ಚಿ ಇರುತ್ತದೆ. ಬಫೆಗೆ ಹೋದವರಿಗೆ ಗೊತ್ತಿರೋದಿಲ್ಲ.

ಒಂಟಿ ಮಗಳು:
ರೆಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ನಾನು 2,350 ಕೊಟ್ಟು ಕಾಲರ್ ಮೈಕ್ ತಂದೆ. ಅಮ್ಮ ಒಳ್ಳೆ ಸೀರೆ ಉಟ್ಟುಕೊಂಡು ಬಂದು ಭಾಷಣ ಮಾಡಿದರು. ನಲವತ್ತು ನಿಮಿಷ, ಒಂದೂ ನಿಜವಾದ ಮಾತಿಲ್ಲ. ಮೂರನೇ ದಿನ ರಾತ್ರಿ ಮಜ್ಜಿಗೆ ಅನ್ನ ಕಲಸುತ್ತಾ, ನನ್ನ ಕಾಲೇಜು ಫೀಸಿಗೆ ಬಳೆ ಮಾರಿದ್ದು ಹೇಳಿದರು. ಅಪ್ಪನಿಗೆ ಕಳೆದುಹೋಯಿತು ಅಂದಿದ್ದರಂತೆ. ಮೈಕ್ ಚಾರ್ಜಿಗಿತ್ತು. ಆರು ತಿಂಗಳಿಗೆ ಅಮ್ಮ ಹೋಗಿಬಿಟ್ಟರು. ಆ ಭಾಷಣವನ್ನೇ ಈಗ ದಿನಾ ಕೇಳುತ್ತೇನೆ. ರೆಕಾರ್ಡ್ ಮಾಡಿ. ಸುಳ್ಳಾದರೂ ದನಿ ಉಳಿಯುತ್ತದೆ.

ಕಾಡಂಚು:
ಪತ್ರೊಡೆಗೆ ಹುಣಸೆ ಹಾಕಿದ್ದೇ ತಪ್ಪು. ವಾಟೆಹುಳಿ ಹಾಕಬೇಕು, ವಾಟೆ ಮರದ ಹುಳಿ ಕಾಯಿ ಒಣಗಿಸಿದ್ದು. ಮರದ ಮೇಲೆ ಬೆಳೆಯುವ ಮರಗೆಸು ಸಿಕ್ಕಿದರೆ ತುರಿಕೆಯ ತಕರಾರೂ ಕಡಿಮೆ.

ಹೊಸನಗರದ ಮಾವ:
ನಮ್ಮಲ್ಲಿ ಮೂರು ತಲೆಮಾರಿಂದ ಹುಣಸೆಯೇ.

ಕಾಡಂಚು:
ಅದಕ್ಕೇ ಹನ್ನೊಂದು ಜನಕ್ಕೆ ತುರಿಸಿದ್ದು.

ಸಾಗರದ ಮಗ:
ಜಗಳ ನೋಡಿ ಅಪ್ಪನಿಗೇ ಫೋನ್ ಮಾಡಿದೆ, ಹುಣಸೆಯಾ ವಾಟೆಯಾ ಅಂತ. ಮುಳುಗಿದ ಮನೆಯ ಹಿತ್ತಲಲ್ಲಿ ವಾಟೆ ಮರ ಇತ್ತಂತೆ. ಮನೆ ಬಿಡುವ ದಿನ ಅಜ್ಜಿ ಅದರ ಬುಡಕ್ಕೆ ನೀರು ಹಾಕಿ ಬಂದರಂತೆ. 50 ನಿಮಿಷ ಮಾತಾಡಿದರು. ನಾನು ಬಸ್ಸಿನಲ್ಲಿ ನಿಂತಿದ್ದೆ. ರೆಕಾರ್ಡ್ ಮಾಡಲಿಲ್ಲ. ಶನಿವಾರ ಊರಿಗೆ ಹೋಗುತ್ತೇನೆ. ವಾಟೆಹುಳಿ ಒಣಗಿದ್ದು ಬೆಂಗಳೂರಲ್ಲಿ ಎಲ್ಲಿ ಸಿಗುತ್ತದೆ?

ಹೊಸನಗರದ ಮಾವ:
ಹುಣಸೆಯಾದರೆ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ.